ಮೊದಲ ಬೋರ್ಡು ಉದ್ದದ್ದೇ ಇರಲಿ

ಮೂಲ್ಕಿ, ಸಸಿಹಿತ್ಲು ಕಡೆ ನಾಲ್ಕು ದಿನ ಸರ್ಫಿಂಗ್ ಕಲಿತು ಬಂದವರು ಆಸೆಪಡುವುದು ಆರಡಿಯ, ಚೂಪು ಮೂತಿಯ ಚೆಂದದ ಬೋರ್ಡಿಗೆ. ದಯವಿಟ್ಟು ಬೇಡ. ಅದು ಪಳಗಿದವರ ಸರಕು; ಹೊಸಬರನ್ನು ಹೊತ್ತು ತೇಲುವಷ್ಟು ಗಾತ್ರವೇ ಅದಕ್ಕಿಲ್ಲ. ನಿಮಗೆ ಬೇಕಾದದ್ದು ಎಂಟು ಅಡಿ ಆಸುಪಾಸಿನ, ಅಗಲವಾದ, ಮೆತ್ತನೆಯ ಫೋಮ್ ಹೊದಿಕೆಯ ಸಾಫ್ಟ್‌ಟಾಪ್. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. 65 ಕೆ.ಜಿ. ತೂಗುವವರು 65 ಲೀಟರಿಗಿಂತ ಕಡಿಮೆಯದನ್ನು ಮುಟ್ಟಲೇಬೇಡಿ. ನೋಡಲು ಬಾಗಿಲ ಹಲಗೆಯಂತಿದ್ದರೂ ಎದ್ದು ನಿಲ್ಲಲು ಬಿಡುವುದು ಅದೇ.

ಕೈಯಲ್ಲಿ ಕಾಸು ಕಡಿಮೆಯಿದ್ದರೆ ಹಳೆಯದೇ ಸೈ. ಆದರೆ ಬರೀ ಫೋಟೊ ನೋಡಿ ಹಣ ಕಳಿಸಬೇಡಿ. ಫೈಬರ್‌ಗ್ಲಾಸಿನದಾದರೆ ಬಿಸಿಲಿಗೆ ಹಿಡಿದು ಹೆಬ್ಬೆರಳಿನಿಂದ ಒತ್ತುತ್ತಾ ಬನ್ನಿ, ಅದರಲ್ಲೂ ಪಾದ ಊರುವ ಜಾಗದಲ್ಲಿ. ಪುಸಕ್ಕನೆ ಒಳಗೆ ಹೋದರೆ ಮೇಲ್ಪದರ ಬಿಟ್ಟಿದೆ. ಅಡ್ಡಕ್ಕೆ ಮಡಿಕೆಯ ಗೆರೆ ಕಂಡರೆ ಒಮ್ಮೆ ಮುರಿಯುವುದರಲ್ಲಿತ್ತು. ಎತ್ತಿದಾಗ ವಿಪರೀತ ಭಾರವೆನಿಸಿದರೆ ನೀರು ಕುಡಿದಿರಬಹುದು. ಬೋರ್ಡಿನಡಿಯ ರೆಕ್ಕೆ, ಅಂದರೆ ಫಿನ್, ಕೂರುವ ಬುಡ ಬಿರಿದಿದ್ದರಂತೂ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಸ್ವಲ್ಪ ಹಳದಿಗೆ ತಿರುಗಿದ ಬಣ್ಣ, ಸರಿಯಾಗಿ ತೇಪೆ ಹಾಕಿದ ಸಣ್ಣಪುಟ್ಟ ಪೆಟ್ಟು? ಅವು ಚೌಕಾಸಿಗೆ ಒಳ್ಳೆಯ ನೆಪ.

ಕಾಲಿಗೆ ಕಟ್ಟುವ ಲೀಶ್ ಮಾತ್ರ ಹೊಸದನ್ನೇ ಕೊಳ್ಳಿ, ಹೆಚ್ಚುಕಮ್ಮಿ ಬೋರ್ಡಿನಷ್ಟೇ ಉದ್ದದ್ದು. ಹಳೆಯದು ಕಡಿದರೆ ಬೋರ್ಡು ಪಕ್ಕದವರ ತಲೆಗೆ. ಕಾಲು ಜಾರದಂತೆ ಬೋರ್ಡಿಗೆ ಬಳಿಯುವ ವ್ಯಾಕ್ಸ್ ಬೇಕಿದ್ದರೆ ನಮ್ಮ ಬೆಚ್ಚನೆಯ ಕಡಲಿಗೆ ‘ಟ್ರಾಪಿಕಲ್’ ಎಂದು ಬರೆದದ್ದನ್ನೇ ಕೇಳಿ. ತಣ್ಣೀರಿನದು ಇಲ್ಲಿ ಕರಗಿ ಜಾರುತ್ತದೆ. ಮತ್ತೆ, ಜೂನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಅಂದೇ ನೀರಿಗಿಳಿಯಬೇಡಿ. ಮಳೆಗಾಲದ ಕಡಲು ಹೊಸಬರದ್ದಲ್ಲ.