ಔಷಧ ಪರವಾನಗಿ: ಕಾರಣ ಕೇಳುವ ನೋಟಿಸಿಗೆ ಉತ್ತರ
ತುಮಕೂರು, ಗುಬ್ಬಿ, ಕುಣಿಗಲ್‌ಗಳ ಔಷಧ ವರ್ತಕರು ಕಾರಣ ಕೇಳುವ ನೋಟಿಸಿಗೆ ಉತ್ತರಿಸದೆ ಕುಳಿತರೆ ಹಾನಿ ಅವರಿಗೇ. 1945ರ ಔಷಧ ನಿಯಮಗಳ 66ನೇ ನಿಯಮದಂತೆ, ಸಮಜಾಯಿಷಿಗೆ ಅವಕಾಶ ನೀಡದೆ ಮಾರಾಟ ಪರವಾನಗಿಯನ್ನು ಅಮಾನತುಗೊಳಿಸುವಂತಿಲ್ಲ, ರದ್ದುಪಡಿಸುವಂತಿಲ್ಲ.

ಪ್ರತಿಯೊಂದು ಆರೋಪಕ್ಕೂ ಪ್ರತ್ಯೇಕವಾಗಿ, ಖರೀದಿ ಹಾಗೂ ಮಾರಾಟದ ಬಿಲ್ಲುಗಳ ಸಮೇತ ಲಿಖಿತ ಉತ್ತರ ನೀಡುವುದು ಕ್ಷೇಮ. ಎಚ್-1 ಅನುಸೂಚಿಯ ಔಷಧಗಳಿಗೆ 2014ರ ಮಾರ್ಚಿನಿಂದ ಪ್ರತ್ಯೇಕ ವಹಿ ಕಡ್ಡಾಯವಾಗಿದ್ದು, ಅದನ್ನು ಮೂರು ವರ್ಷ ಕಾಯ್ದಿಡಬೇಕು. ತಪಾಸಣೆಯ ಬಳಿಕ ತುಂಬಿಸಿದ ವಹಿ ರಕ್ಷಣೆಯಾಗದು; ಹೊಸ ಆರೋಪವಾದೀತು!

ಲೋಪ ನೌಕರನದಾದರೆ ಮಾಲೀಕನಿಗೆ ರಕ್ಷಣೆಯುಂಟು. ಅದಕ್ಕೆ ತನ್ನ ಪ್ರಚೋದನೆಯಾಗಲಿ ಸಮ್ಮತಿಯಾಗಲಿ ಇರಲಿಲ್ಲವೆಂದೂ, ಹಿಂದಿನ ಹನ್ನೆರಡು ತಿಂಗಳಲ್ಲಿ ಅಂತಹ ಲೋಪ ನಡೆದಿಲ್ಲ, ಇಲ್ಲವೇ ನಡೆದದ್ದು ತನಗೆ ತಿಳಿಯುವಂತಿರಲಿಲ್ಲವೆಂದೂ ಆತ ಸಿದ್ಧಪಡಿಸಬೇಕು. ಆದೇಶ ಪ್ರತಿಕೂಲವಾದರೆ, ಅದರ ದಿನಾಂಕದಿಂದ ಮೂರು ತಿಂಗಳೊಳಗೆ ರಾಜ್ಯ ಸರ್ಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು.