ಹೆಸರು ತಿದ್ದಬೇಕೋ, ಬದಲಿಸಬೇಕೋ?

ವಸಂತನರಸಾಪುರದ ಕಾರ್ಖಾನೆಗಳಿಗೆ ಹೊಸದಾಗಿ ಕೆಲಸಕ್ಕೆ ಸೇರುವವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದ್ದೇ ಇರುತ್ತದೆ. ಒಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್. ಅಂಕಪಟ್ಟಿಯಲ್ಲಿ ‘ನರಸಿಂಹಮೂರ್ತಿ ಆರ್.’ ಎಂದಿದ್ದವನು ಆಧಾರ್‌ನಲ್ಲಿ ‘ನರಸಿಂಹ ಮೂರ್ತಿ’ ಆಗಿರುತ್ತಾನೆ. ಪ್ಯಾನ್‌ನಲ್ಲಿ ಅಪ್ಪನ ಹೆಸರೂ ಸೇರಿ ‘ರಂಗಯ್ಯ ನರಸಿಂಹಮೂರ್ತಿ’. ಇಂಗ್ಲಿಷಿನಲ್ಲಿ ಒಂದು ಕಡೆ ‘ಎಚ್’ ಜಾಸ್ತಿ, ಇನ್ನೊಂದು ಕಡೆ ಕಮ್ಮಿ. ಪಿಎಫ್ ಖಾತೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆಗ ಪಕ್ಕದವರು ಸಲಹೆ ಕೊಡುತ್ತಾರೆ: ಅಫಿಡವಿಟ್ ಮಾಡಿಸು, ಪೇಪರಿಗೆ ಹಾಕಿಸು, ಗೆಜೆಟ್ ಮಾಡಿಸಿಬಿಡು.

ಹೀಗೆ ಓಡಾಡುವವರಲ್ಲಿ ಬಹುಪಾಲು ಜನಕ್ಕೆ ಗೆಜೆಟ್ ಬೇಕಾಗಿಯೇ ಇರುವುದಿಲ್ಲ. ಹೆಸರು ತಿದ್ದಿಸಿಕೊಳ್ಳುವುದು ಬೇರೆ, ಬದಲಿಸಿಕೊಳ್ಳುವುದು ಬೇರೆ. ಬರೆದುಕೊಂಡವರು ತಪ್ಪು ಬರೆದಿದ್ದರೆ ಅದು ತಿದ್ದುಪಡಿ. ‘ಕೆಂಪಯ್ಯ’ನಾಗಿ ಹುಟ್ಟಿದವನು ಇನ್ನು ಮುಂದೆ ‘ಕಿರಣ್’ ಆಗಿರುತ್ತೇನೆ ಎಂದರೆ ಅದು ಬದಲಾವಣೆ. ಎರಡರ ಹಾದಿಯೂ ಬೇರೆ, ಖರ್ಚೂ ಬೇರೆ. ತಿದ್ದಿಸಬೇಕಾದವನು ಬದಲಾವಣೆಗೆ ಅರ್ಜಿ ಹಾಕಿದರೆ, ಹಳೆಯ ಹೆಸರು ತನ್ನದಲ್ಲವೇನೋ ಎಂಬ ಅನುಮಾನವನ್ನು ತಾನೇ ದಾಖಲೆಗೆ ಸೇರಿಸಿದಂತಾಗುತ್ತದೆ.

ತಿದ್ದುಪಡಿಯನ್ನು ಮೂಲ ದಾಖಲೆಯಿಂದ ಶುರು ಮಾಡಬೇಕು. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹೆಸರು ಸರಿಯಾಗಿದ್ದು ಅಂಕಪಟ್ಟಿಯಲ್ಲಿ ಮಾತ್ರ ತಪ್ಪಿದ್ದರೆ, ಆ ಪುಸ್ತಕದ ನಕಲಿನೊಂದಿಗೆ ಮುಖ್ಯ ಶಿಕ್ಷಕರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ಅರ್ಜಿ ಹೋಗಬೇಕು. ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ತಾಲ್ಲೂಕುಗಳು ತುಮಕೂರು (ದಕ್ಷಿಣ) ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಮಧುಗಿರಿ ಕಚೇರಿಗೆ ಅಲೆಯುವ ಅಗತ್ಯವಿಲ್ಲ. ಅಂಕಪಟ್ಟಿ ಸರಿಯಾದ ಮೇಲೆ ಅದನ್ನು ತೋರಿಸಿ ಆಧಾರ್, ಆಧಾರ್ ತೋರಿಸಿ ಪ್ಯಾನ್ ಮತ್ತು ಬ್ಯಾಂಕ್. ಮತದಾರರ ಪಟ್ಟಿಗೆ ನಮೂನೆ 8. ಈ ಸಾಲು ತಲೆಕೆಳಗಾದರೆ ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ. ಅದಕ್ಕೆ ಅವಕಾಶವೂ ಕಡಿಮೆ: ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಸಾಮಾನ್ಯವಾಗಿ ಸಿಗುವುದು ಎರಡೇ ಅವಕಾಶ. ಸೈಬರ್ ಸೆಂಟರಿನಲ್ಲಿ ಅವಸರಕ್ಕೆ ಒಂದನ್ನು ಕಳೆದುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾರ್ಮಿಕರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. 2017ರ ಅಕ್ಟೋಬರ್ 1ರ ನಂತರ ಯುಎಎನ್ ಸಂಖ್ಯೆ ಪಡೆದವರು, ಆಧಾರ್ ಜೋಡಣೆಯಾಗಿದ್ದರೆ, ಪಿಎಫ್ ಖಾತೆಯಲ್ಲಿನ ಹೆಸರನ್ನು ಆನ್‌ಲೈನಿನಲ್ಲಿ ತಾವೇ ಸರಿಪಡಿಸಿಕೊಳ್ಳಬಹುದು. 2025ರ ಜನವರಿಯಿಂದ ಇದಕ್ಕೆ ಮಾಲೀಕರ ಒಪ್ಪಿಗೆ ಬೇಕಿಲ್ಲ. ಅದಕ್ಕೂ ಹಿಂದಿನ ಯುಎಎನ್ ಆದರೆ ಕಂಪನಿಯ ಮೂಲಕವೇ ಜಂಟಿ ಘೋಷಣೆ ಸಲ್ಲಿಸಬೇಕು.

ಅಂದ ಹಾಗೆ, ವಿಳಾಸದಲ್ಲಿ ಇಂಗ್ಲಿಷಿನಲ್ಲಿ ‘ತುಮ್ಕೂರ್’ ಎಂದಿದೆ, ಅದನ್ನೂ ತಿದ್ದಿಸಬೇಕೇ ಎಂದು ಕೇಳುವವರಿದ್ದಾರೆ. ನಮ್ಮ ಊರೇ ಅಧಿಕೃತವಾಗಿ ಹೆಸರು ಬದಲಿಸಿಕೊಂಡಿದೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂದಾಗ ತುಮಕೂರೂ ಅದರಲ್ಲಿತ್ತು. ಅಷ್ಟಕ್ಕೇ ಯಾರ ಹಳೆಯ ದಾಖಲೆಯೂ ರದ್ದಾಗಲಿಲ್ಲ.

ಈ ಸೀಮೆಯಲ್ಲಿ ಹೆಸರಿನ ತೊಡಕು ಹೆಚ್ಚು ನೋವು ಕೊಡುವುದು ಪಹಣಿಯಲ್ಲಿ. ಕೈಗಾರಿಕೆಗೆ ಜಮೀನು ಹೋದ ಕಡೆಗಳಲ್ಲಿ ಪರಿಹಾರದ ಹಣ ಬರುವ ಹೊತ್ತಿಗೆ ಪಹಣಿಯ ‘ನರಸಯ್ಯ ಬಿನ್ ಲೇಟ್ ದೊಡ್ಡಯ್ಯ’ನೂ ಆಧಾರ್‌ನ ‘ನರಸಿಂಹಯ್ಯ’ನೂ ಒಬ್ಬನೇ ಎಂದು ತೋರಿಸಬೇಕಾಗುತ್ತದೆ. ಇಲ್ಲಿಯೂ ಹೆಸರು ಬದಲಾವಣೆ ಬೇಕಿಲ್ಲ. ಕೈಬರಹದ ಪಹಣಿಯಿಂದ ಕಂಪ್ಯೂಟರಿಗೆ ಏರಿಸುವಾಗ ಆದ ತಪ್ಪಾದರೆ, ಹಳೆಯ ಪಹಣಿ ಮತ್ತು ಮ್ಯುಟೇಶನ್ ನಕಲು ಇಟ್ಟು ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡಬೇಕು. ಅವರ ಆದೇಶ ಒಪ್ಪಿಗೆಯಾಗದಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 136ನೇ ಕಲಮಿನಡಿ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಇಬ್ಬರೂ ಒಬ್ಬರೇ ಎಂಬ ಅಫಿಡವಿಟ್ ಪೋಷಕ ದಾಖಲೆಯಾಗುತ್ತದೆ, ಅದೊಂದೇ ಸಾಕಾಗುವುದಿಲ್ಲ. ಅಣ್ಣತಮ್ಮಂದಿರು ತಕರಾರು ಎತ್ತಿದರೆ ವಿಷಯ ಹೆಸರಿನದಾಗಿ ಉಳಿಯುವುದಿಲ್ಲ, ಹಕ್ಕಿನದಾಗುತ್ತದೆ. ಅದನ್ನು ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯ. ಹಣ ಬರುವ ತನಕ ಕಾಯದೆ ಇವತ್ತೇ ಪಹಣಿ ತೆಗೆದು ಹೆಸರು ನೋಡಿಕೊಳ್ಳುವುದು ಜಾಣತನ.

ಮಕ್ಕಳ ವಿಚಾರಕ್ಕೆ ಈಗ ಮೊದಲಿಗಿಂತ ತೂಕ ಬಂದಿದೆ. ಜನನ ಮರಣ ನೋಂದಣಿ ಕಾಯ್ದೆಗೆ ಬಂದ ತಿದ್ದುಪಡಿಯ ಪ್ರಕಾರ, 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲಾ ದಾಖಲಾತಿ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ಸರ್ಕಾರಿ ಕೆಲಸ ಮೊದಲಾದವಕ್ಕೆ ಹುಟ್ಟಿದ ದಿನಾಂಕ, ಸ್ಥಳ ಸಾಬೀತುಪಡಿಸಲು ಜನನ ಪ್ರಮಾಣಪತ್ರವೇ ಆಧಾರ. ಆಸ್ಪತ್ರೆಯಲ್ಲಿ ಹೆಸರಿಲ್ಲದೆ ನೋಂದಣಿಯಾಗಿದ್ದರೆ, ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಬೇಕು. ಬರೆದ ಹೆಸರಿನಲ್ಲಿ ತಪ್ಪಿದ್ದರೆ 15ನೇ ಕಲಮಿನಡಿ ನೋಂದಣಾಧಿಕಾರಿಯೇ ತಿದ್ದಬಲ್ಲರು. ಮೂಲ ಬರಹವನ್ನು ಅಳಿಸುವುದಿಲ್ಲ. ಅಂಚಿನಲ್ಲಿ ಸರಿಯಾದದ್ದನ್ನು ಬರೆದು ಸಹಿ, ದಿನಾಂಕ ಹಾಕುತ್ತಾರೆ. ಜ್ಯೋತಿಷಿ ಹೇಳಿದರೆಂದು ಅಕ್ಷರ ಕೂಡಿಸುವುದು ಈ ಕಲಮಿನಲ್ಲಿ ಬರುವುದಿಲ್ಲ. ನಾಮಕರಣಕ್ಕೆ ಮುಂಚೆ ಆ ಚರ್ಚೆ ಮುಗಿಸಿಕೊಂಡರೆ ಎಲ್ಲರಿಗೂ ಕ್ಷೇಮ.

ನಿಜಕ್ಕೂ ಹೆಸರು ಬದಲಿಸಬೇಕೆಂದಿರುವವರು ಮೊದಲು ಅಫಿಡವಿಟ್ ಮಾಡಿಸಬೇಕು. ಹಳೆಯ ಹೆಸರು, ಹೊಸ ಹೆಸರು, ತಂದೆಯ ಹೆಸರು, ವಿಳಾಸ, ಕಾರಣ, ಎಲ್ಲವನ್ನೂ ಬರೆದು ನೋಟರಿ ಎದುರು ಪ್ರಮಾಣ ಮಾಡಬೇಕು. ಕರ್ನಾಟಕದಲ್ಲಿ ಅಫಿಡವಿಟ್‌ಗೆ 20 ರೂಪಾಯಿ ಇದ್ದ ಮುದ್ರಾಂಕ ಶುಲ್ಕ 2024ರಿಂದ 100 ರೂಪಾಯಿ ಆಗಿದೆ. ಹಳೆಯ ಲೆಕ್ಕದ ಕಾಗದ ಕೊಟ್ಟರೆ ತೆಗೆದುಕೊಳ್ಳಬೇಡಿ. ಆಮೇಲೆ ಪತ್ರಿಕಾ ಪ್ರಕಟಣೆ. ಒಂದು ಕನ್ನಡ, ಒಂದು ಇಂಗ್ಲಿಷ್ ದಿನಪತ್ರಿಕೆ ಎಂಬುದು ರೂಢಿ. ಪತ್ರಿಕೆಯ ಇಡೀ ಪ್ರತಿಯನ್ನು ತೆಗೆದಿಡಿ, ಕತ್ತರಿಸಿದ ತುಂಡನ್ನಲ್ಲ. ಕೊನೆಗೆ ಭಾರತ ಸರ್ಕಾರದ ಗೆಜೆಟ್. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಟಣಾ ಇಲಾಖೆಗೆ ಇಬ್ಬರು ಸಾಕ್ಷಿಗಳ ಸಹಿಯಿರುವ ಘೋಷಣೆ, ಪತ್ರಿಕೆ, ಗುರುತಿನ ಚೀಟಿ, ಫೋಟೊ, ಶುಲ್ಕ ಕಳಿಸಿದರೆ ನಾಲ್ಕನೇ ಭಾಗದಲ್ಲಿ ಪ್ರಕಟವಾಗುತ್ತದೆ. ಅದನ್ನು ಇ-ಗೆಜೆಟ್ ಜಾಲತಾಣದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ‘ಒರಿಜಿನಲ್ ಗೆಜೆಟ್ ಪುಸ್ತಕ ತರಿಸಿಕೊಡುತ್ತೇನೆ’ ಎಂದು ದುಡ್ಡು ಕೇಳುವ ಮಧ್ಯವರ್ತಿಯನ್ನು ನಂಬಬೇಡಿ. ಸಾಲ, ಕೇಸು, ಜೀವನಾಂಶದಿಂದ ತಪ್ಪಿಸಿಕೊಳ್ಳಲು ಹೆಸರು ಬದಲಿಸಿದರೆ ಹೊಣೆ ತಪ್ಪುವುದಿಲ್ಲ. ಸುಳ್ಳು ಅಫಿಡವಿಟ್ ಭಾರತೀಯ ನ್ಯಾಯ ಸಂಹಿತೆಯಡಿ ಅಪರಾಧವೂ ಹೌದು.

ಗೆಜೆಟ್ ಕೈಗೆ ಬಂದ ಮಾತ್ರಕ್ಕೆ ಅಂಕಪಟ್ಟಿ ಬದಲಾಗುವುದಿಲ್ಲ. ಜಿಗ್ಯಾ ಯಾದವ್ ಪ್ರಕರಣದಲ್ಲಿ 2021ರ ಜೂನ್ 3ರಂದು ಸುಪ್ರೀಂ ಕೋರ್ಟ್, ಹೆಸರು ಸಂವಿಧಾನದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಎಂದು ಹೇಳಿತು. ಸಿಬಿಎಸ್‌ಇ ತಿದ್ದುಪಡಿಗೆ ದಾರಿ ಮುಚ್ಚುವಂತಿಲ್ಲ ಎಂದೂ ಹೇಳಿತು. ಆದರೆ ಹೊಸದಾಗಿ ಪಡೆದ ಹೆಸರಿಗೆ ನ್ಯಾಯಾಲಯದ ಅನುಮತಿ ಅಥವಾ ಘೋಷಣೆ ಮತ್ತು ಗೆಜೆಟ್ ಪ್ರಕಟಣೆ ಕೇಳಬಹುದೆಂದೂ ಅದೇ ತೀರ್ಪಿನಲ್ಲಿದೆ. ನ್ಯಾಯಾಲಯದ ಘೋಷಣೆ ಬೇಕಾದಾಗ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಮಿನಡಿ ತುಮಕೂರು, ಗುಬ್ಬಿ ಅಥವಾ ಕುಣಿಗಲ್‌ನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಮಂಡಲಿಯನ್ನೂ ಶಾಲೆಯನ್ನೂ ಪ್ರತಿವಾದಿಗಳನ್ನಾಗಿ ಸೇರಿಸುವುದನ್ನು ಮರೆಯಬಾರದು. ಅವರನ್ನು ಬಿಟ್ಟು ಪಡೆದ ಡಿಕ್ರಿಗೆ ಅವರು ಬದ್ಧರಾಗುವುದಿಲ್ಲ.

ಮದುವೆಯಾದ ಹೆಣ್ಣುಮಗಳು ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. ಇಷ್ಟವಿದ್ದು ಸೇರಿಸಿಕೊಂಡರೆ ಹೆಚ್ಚಿನ ಕಡೆ ಮದುವೆ ನೋಂದಣಿ ಪತ್ರ ಸಾಕು, ಗೆಜೆಟ್ ಬೇಡ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ‘ಗಂಡನ ಹೆಸರು ಹಾಕಿಸಿಕೊಂಡು ಬಾ ತಾಯಿ’ ಎಂದು ವಾಪಸು ಕಳಿಸಿದರೆ, ಯಾವ ನಿಯಮ ಎಂದು ಬರಹದಲ್ಲಿ ಕೊಡಲು ಕೇಳಿ.

ಲಿಂಗತ್ವ ಅಲ್ಪಸಂಖ್ಯಾತರಿಗೆ ಹಾದಿ ಬೇರೆ. 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಗುರುತಿನ ಪ್ರಮಾಣಪತ್ರವೇ ಅವರ ಇತರ ದಾಖಲೆಗಳ ತಿದ್ದುಪಡಿಗೆ ಆಧಾರ. ಜನನ ಪ್ರಮಾಣಪತ್ರ ಮಾತ್ರ ಕಗ್ಗಂಟಾಗಿತ್ತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಕಾನೂನು ತಿದ್ದುಪಡಿಯಾಗುವವರೆಗೆ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಪ್ರಮಾಣಪತ್ರ ಕೊಡಬೇಕೆಂದು ಆದೇಶಿಸಿದರು. ಹಳೆಯ ಹೆಸರೂ ಜೊತೆಯಲ್ಲೇ ಉಳಿಯುವುದರಿಂದ ಇದು ಅರ್ಧ ಪರಿಹಾರ ಎಂಬುದು ನನ್ನ ಅಭಿಪ್ರಾಯ.

ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಸ್ವೀಕೃತಿ ಪಡೆಯಿರಿ. ಸಕಾಲ ಸೇವೆಯಾದರೆ ಸಂಖ್ಯೆ ಕೇಳಿ ಬರೆದುಕೊಳ್ಳಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ದಾವೆ ಕೈಬಿಡಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮು ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರಿಗೂ ಉಚಿತ ವಕೀಲರ ನೆರವು ಕೊಡುತ್ತದೆ, ಅದೂ ಆದಾಯದ ಮಿತಿಯಿಲ್ಲದೆ. ವಸಂತನರಸಾಪುರದಲ್ಲಿ ದುಡಿಯುವವರು ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೂ ಆಗುತ್ತದೆ; ಫೋನಿನಲ್ಲಿ ಕೇಳುವುದಾದರೆ ಸಹಾಯವಾಣಿ ಸಂಖ್ಯೆ 15100.