ದೂರದ ಬೆಟ್ಟ ನುಣ್ಣಗೆ: ಹಳೆ ಸ್ಪೋರ್ಟ್ಸ್ ಕಾರಿನ ಜಾಹೀರಾತು ಓದುವುದು ಹೇಗೆ?

ಕಳೆದ ಅಕ್ಟೋಬರ್‌ನಲ್ಲಿ ಒಂದು ರಾತ್ರಿ, ಮೆಸ್ ಊಟ ಮುಗಿಸಿ ರೂಮಿಗೆ ಬಂದಾಗ ನಮ್ಮ ಸಂಘದ ಹಳೆಯ ಸೀನಿಯರ್ ಒಬ್ಬರ ವಿಡಿಯೋ ಕಾಲ್ ಬಂತು. ಅವರು ಈಗ ಅಮೆರಿಕದ ಮಿಷಿಗನ್‌ನಲ್ಲಿ ಎಂ.ಎಸ್. ಮುಗಿಸಿ ಕೆಲಸಕ್ಕೆ ಸೇರಿದ್ದಾರೆ. "ಲೋ, ಒಂದು ಕಾರ್ ನೋಡಿದೀನಿ, ಲಿಂಕ್ ಕಳಿಸ್ತೀನಿ, ಹೇಗಿದೆ ಹೇಳ್ರೋ" ಅಂದರು. ನೋಡಿದರೆ 1991ರ ಮಜ್ದಾ ಎಂಎಕ್ಸ್-5 ಮಿಯಾಟಾ. ಕೆಂಪು ಬಣ್ಣ, ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ, ಒತ್ತಿದರೆ ಕಣ್ಣು ಬಿಡುವ ಹೆಡ್‌ಲೈಟ್. ನಮಗೆಲ್ಲ ಬಾಯಲ್ಲಿ ನೀರು!

ಕಾರು ಇದ್ದದ್ದು ಪಕ್ಕದ ಓಹಾಯೋ ರಾಜ್ಯದಲ್ಲಿ. ಮಾರುವವನು "ಇನ್ನಿಬ್ಬರು ನೋಡೋಕೆ ಬರ್ತಿದ್ದಾರೆ, ಇವತ್ತೇ ಅಡ್ವಾನ್ಸ್ ಕಳಿಸಿದ್ರೆ ನಿಮಗೇ ಇಡ್ತೀನಿ" ಅಂದಿದ್ದನಂತೆ. ಅಣ್ಣ ಎರಡು ವರ್ಷ ಸ್ಟೈಪೆಂಡ್ ಉಳಿಸಿ ಕೂಡಿಟ್ಟ ದುಡ್ಡು ಅದು. ಎಜುಕೇಷನ್ ಲೋನ್ ಇನ್ನೂ ತೀರಿರಲಿಲ್ಲ. "ಅಣ್ಣ, ಇವತ್ತು ಬೇಡ, ಎರಡು ದಿನ ಕೊಡಿ" ಅಂತ ಕೇಳಿಕೊಂಡೆವು. ಆ ಎರಡು ದಿನದಲ್ಲಿ ಮತ್ತು ಆಮೇಲೆ ನಾವು ಕಲಿತದ್ದೇ ಈ ಪಾಠ. ಕಾರು ಕೊಳ್ಳುವವರಿಗಷ್ಟೇ ಅಲ್ಲ, ಮೂರನೇ ಸೆಮಿಸ್ಟರಿನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಯಾಕೆ ಓದಬೇಕು ಅಂತ ಕೇಳುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲು ಕಾರಿನ ಪರಿಚಯ

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತರು ಮಜ್ದಾದ ಕೆನಿಚಿ ಯಮಮೊಟೊ ಅವರ ಬಳಿ, ಹಗುರವಾದ, ಅಗ್ಗದ, ತೆರೆದ ಸ್ಪೋರ್ಟ್ಸ್ ಕಾರು ಮಾಡಿ ಎಂದು ಸಲಹೆ ಕೊಟ್ಟಿದ್ದರು. ಹತ್ತು ವರ್ಷದ ನಂತರ, 1989ರ ಫೆಬ್ರವರಿಯಲ್ಲಿ ಷಿಕಾಗೋ ಆಟೋ ಶೋನಲ್ಲಿ ಅದು ಮಿಯಾಟಾ ಆಗಿ ಬಂತು. 'ಎನ್‌ಎ' ಎಂದು ಕರೆಯುವ ಈ ಮೊದಲ ಪೀಳಿಗೆ 1997ರವರೆಗೆ ತಯಾರಾಯಿತು. ಮುಂದೆ 1.6 ಲೀಟರ್, 16 ವಾಲ್ವ್ ಎಂಜಿನ್, ಹಿಂದಿನ ಚಕ್ರಕ್ಕೆ ಡ್ರೈವ್, ನಾಲ್ಕೂ ಕಡೆ ಡಬಲ್ ವಿಷ್‌ಬೋನ್ ಸಸ್ಪೆನ್ಷನ್. ತೂಕ ಒಂದು ಟನ್ನಿನ ಆಸುಪಾಸು. ಎಲ್ಲ ಪೀಳಿಗೆ ಸೇರಿ 2016ರಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು. ಅಂದರೆ ಇದು ಅಪರೂಪದ ವಸ್ತುವಲ್ಲ. 'ಇದು ಹೋದರೆ ಇನ್ನೊಂದು ಸಿಗಲ್ಲ' ಎಂಬ ಮಾತನ್ನು ನಂಬುವ ಅಗತ್ಯವೇ ಇಲ್ಲ. ಇದು ಮೊದಲ ಪಾಠ.

ಪಾಠ 1: 'ಚೆನ್ನಾಗಿದೆ' ಅಂದರೆ ಏನು?

ಹಳೆ ಕಾರು ಮೂರು ರೀತಿಯಲ್ಲಿ ಚೆನ್ನಾಗಿ ಕಾಣಬಹುದು. ಒಂದು, ಮೊದಲಿನಿಂದ ಜೋಪಾನ ಮಾಡಿದ್ದು. ಎರಡು, ಕೆಟ್ಟದ್ದನ್ನು ಬಿಚ್ಚಿ ಸರಿಯಾಗಿ ರಿಪೇರಿ ಮಾಡಿದ್ದು. ಮೂರು, ಮಾರುವುದಕ್ಕೆ ಮುಂಚೆ ಮೇಕಪ್ ಮಾಡಿದ್ದು. ಫೋಟೋದಲ್ಲಿ ಮೂರೂ ಒಂದೇ ಥರ ಹೊಳೆಯುತ್ತವೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಅಜ್ಜಿ ಹೇಳ್ತಿದ್ದದ್ದು ಇದಕ್ಕೇ. ನಮ್ಮ ಕೆಲಸ ಈ ಮೂರನ್ನು ಬೇರೆ ಮಾಡುವುದು.

ಜಾಹೀರಾತಿನ ಭಾಷೆಯಲ್ಲೇ ಕೆಲವು ಸುಳಿವು ಇರುತ್ತವೆ. 'ನಿಲ್ಲಿಸಿದಾಗ ಓಡ್ತಿತ್ತು' ಅಂದರೆ ಈಗ ಓಡಲ್ಲ. 'ಈ ವಯಸ್ಸಿಗೆ ತುಕ್ಕು ಕಡಿಮೆ' ಅಂದರೆ ತುಕ್ಕು ಇದೆ. 'ಎಸಿಗೆ ಬರೀ ಗ್ಯಾಸ್ ತುಂಬಿಸಿದ್ರೆ ಸಾಕು' ಅಂದರೆ, ಅಷ್ಟೇ ಸಾಕಿದ್ದರೆ ಅವನೇ ತುಂಬಿಸಿರುತ್ತಿದ್ದ ಅಲ್ವಾ? ಇನ್ನು ಫೋಟೋಗಳು. ಅಣ್ಣ ಕಳಿಸಿದ ಜಾಹೀರಾತಿನಲ್ಲಿ 14 ಫೋಟೋ ಇದ್ದವು. ಹನ್ನೊಂದು ಸೂರ್ಯಾಸ್ತದ ಬೆಳಕಿನಲ್ಲಿ ಹೊರಗಿನಿಂದ ತೆಗೆದವು, ಮೂರು ಒಳಗಿನವು. ಕಾರಿನ ಕೆಳಭಾಗದ್ದು ಒಂದೂ ಇಲ್ಲ. ಏನು ತೋರಿಸಿದ್ದಾರೆ ಅನ್ನೋದಕ್ಕಿಂತ ಏನು ತೋರಿಸಿಲ್ಲ ಅನ್ನೋದನ್ನು ಪಟ್ಟಿ ಮಾಡಿ.

ಪಾಠ 2: ಕಾರು ಎಲ್ಲಿ ಬೆಳೆಯಿತು?

ಓಹಾಯೋ, ಮಿಷಿಗನ್‌ನಂಥ ಚಳಿ ರಾಜ್ಯಗಳಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಉಪ್ಪು ನೀರಿನ ಘನೀಕರಣ ಬಿಂದುವನ್ನು ಇಳಿಸುತ್ತದೆ, ಮಂಜು ಕರಗುತ್ತದೆ. ಆದರೆ ಅದೇ ಉಪ್ಪುನೀರು ಒಳ್ಳೆಯ ವಿದ್ಯುದ್ವಾಹಕ. ಉಕ್ಕಿನ ಮೇಲೆ ಕೂತರೆ ತುಕ್ಕಿನ ಕ್ರಿಯೆ ಓಟ ಕೀಳುತ್ತದೆ. ಅರಿಜೋನಾದಂಥ ಒಣ ರಾಜ್ಯದ ಕಾರಿಗೆ ಈ ಕಾಟವಿಲ್ಲ. ಅಲ್ಲಿ ಬಿಸಿಲು ಬಣ್ಣ, ರಬ್ಬರ್, ಡ್ಯಾಷ್‌ಬೋರ್ಡ್‌ಗಳನ್ನು ತಿನ್ನುತ್ತದೆ. ಬಣ್ಣ, ರಬ್ಬರ್ ಬದಲಿಸಬಹುದು. ಒಡಲನ್ನು ಬದಲಿಸುವುದು ಕಷ್ಟ.

ಆದ್ದರಿಂದ ಈಗ ಎಲ್ಲಿದೆ ಎಂದಲ್ಲ, 30 ವರ್ಷ ಎಲ್ಲೆಲ್ಲಿ ಇತ್ತು ಎಂದು ಕೇಳಬೇಕು. ಅಮೆರಿಕದಲ್ಲಿ 1981ರಿಂದ ಪ್ರತಿ ಕಾರಿಗೂ 17 ಅಕ್ಷರದ ವಿನ್ ಸಂಖ್ಯೆ ಇರುತ್ತದೆ. ಅದರ 10ನೇ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ. 1991 ಆದರೆ 'ಎಂ'. ಈ ಸಂಖ್ಯೆ ಕೊಟ್ಟು ಹುಡುಕಿದರೆ ಯಾವ ರಾಜ್ಯಗಳಲ್ಲಿ ನೋಂದಣಿಯಾಗಿತ್ತು, ಅಪಘಾತದಲ್ಲಿ ವಿಮೆಯವರು ಗುಜರಿ ಎಂದು ಬರೆದಿದ್ದರೇ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ವಿನ್ ಕೊಡಲು ಹಿಂಜರಿಯುವವನ ಹತ್ತಿರ ಮಾತು ಅಲ್ಲಿಗೇ ಮುಗಿಸಿ.

ಓಡೋಮೀಟರ್ ಬಗ್ಗೆ ಒಂದು ಎಚ್ಚರಿಕೆ. ಅಮೆರಿಕದ ಕಾನೂನಿನಲ್ಲಿ ಇಷ್ಟು ಹಳೆಯ ಕಾರಿಗೆ ಮೀಟರ್ ಘೋಷಣೆಯಿಂದ ವಿನಾಯಿತಿ ಇದೆ. ಹಾಗಾಗಿ ಅಂಕಿಗಿಂತ ಸವಕಳಿ ನೋಡಿ. ಕ್ಲಚ್ ಪೆಡಲ್ ರಬ್ಬರ್ ನುಣ್ಣಗಾಗಿದೆಯೇ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಹರಿದಿದೆಯೇ? ಟೈರ್ ಮೇಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2309 ಅಂದರೆ 2009ರ 23ನೇ ವಾರ. 'ಪ್ರತಿ ವಾರ ಓಡಿಸ್ತೀನಿ' ಎನ್ನುವವನ ಕಾರಿನಲ್ಲಿ ಅಂಥ ಟೈರ್ ಕಂಡರೆ ಎರಡರಲ್ಲಿ ಒಂದು ಸುಳ್ಳು.

ಪಾಠ 3: ಸಿಲ್ ಎಂಬ ಬೆನ್ನೆಲುಬು

ಬಾಗಿಲಿನ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪೆಟ್ಟಿಗೆಯಾಕಾರದ ಭಾಗವೇ ಸಿಲ್. ಮಾಮೂಲಿ ಕಾರಿನಲ್ಲಿ ಲೋಹದ ಛಾವಣಿಯೂ ಭಾರ ಹೊರುತ್ತದೆ. ತೆರೆದ ಕಾರಿನಲ್ಲಿ ಛಾವಣಿ ಇಲ್ಲ. ಬಾಗುವ, ತಿರುಚುವ ಬಲದ ದೊಡ್ಡ ಪಾಲು ಸಿಲ್ ಮೇಲೆಯೇ.

ಮಿಯಾಟಾದಲ್ಲಿ ತುಕ್ಕು ಹಿಡಿಯುವುದೂ ಇಲ್ಲೇ, ಹಿಂದಿನ ಚಕ್ರದ ಸ್ವಲ್ಪ ಮುಂದೆ. ಕಾರಣ ಸರಳ. ಬಟ್ಟೆ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರುವ ಎರಡು ಕೊಳವೆಗಳಲ್ಲಿ ಇಳಿದು ಕಾರಿನ ಕೆಳಗೆ ಹೋಗಬೇಕು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಸಿಲ್ ಒಳಗಿನಿಂದ ಕೊಳೆಯುತ್ತದೆ. ಹೊರಗೆ ಬಣ್ಣದಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕಥೆ ಮುಗಿದಿರುತ್ತದೆ.

ಇದು ಎಷ್ಟು ಗಂಭೀರ? ಕ್ಲಾಸಿನ ಲೆಕ್ಕ ಮಾಡೋಣ. 100 ಮಿ.ಮೀ. ಬದಿಯ, 1 ಮಿ.ಮೀ. ದಪ್ಪದ ಚೌಕ ಕೊಳವೆ ತಗೊಳ್ಳಿ. ಮುಚ್ಚಿದ ತೆಳುಗೋಡೆಯ ಕೊಳವೆಯ ತಿರುಚು ಸ್ಥಿರಾಂಕ ಎಂದರೆ 4 × (ವಿಸ್ತೀರ್ಣ)² × ದಪ್ಪ ÷ ಸುತ್ತಳತೆ. ಅದು 4 × 10,000² × 1 ÷ 400 = 10,00,000 ಮಿ.ಮೀ.⁴. ಈಗ ಅದೇ ಕೊಳವೆಯನ್ನು ಉದ್ದಕ್ಕೆ ಸೀಳಿ. ಸೂತ್ರ ಬದಲಾಗುತ್ತದೆ: ಸುತ್ತಳತೆ × (ದಪ್ಪ)³ ÷ 3. ಅಂದರೆ 400 ÷ 3, ಸುಮಾರು 133. ಅದೇ ಲೋಹ, ಅದೇ ತೂಕ, ಬಿಗಿತ ಮಾತ್ರ 7,500 ಪಟ್ಟು ಕಡಿಮೆ! ಒಂದು ತೂತು ಪೂರ್ತಿ ಸೀಳಿಗೆ ಸಮವಲ್ಲ, ನಿಜ. ಆದರೆ ತುಕ್ಕು ಹರಡುವ ದಿಕ್ಕು ಅದೇ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಕಣ್ಣಿಗೆ ಚೆಂದ, ಬಲಕ್ಕೆ ಸೊನ್ನೆ.

ಪರೀಕ್ಷೆ ಸುಲಭ. ತೆಳ್ಳಗಿನ ಫ್ರಿಜ್ ಮ್ಯಾಗ್ನೆಟ್ ಅನ್ನು ಬಟ್ಟೆ ಸುತ್ತಿ ಸಿಲ್ ಉದ್ದಕ್ಕೂ ಎಳೆಯಿರಿ. ಪುಟ್ಟಿ ಇರುವ ಕಡೆ ಹಿಡಿತ ಬಿಡುತ್ತದೆ. ಆದರೆ ಇದನ್ನೇ ಬಾನೆಟ್ ಮೇಲೆ ಮಾಡಿ 'ಪೂರ್ತಿ ಪುಟ್ಟಿ!' ಅಂತ ಕೂಗಬೇಡಿ. ಈ ಕಾರಿನ ಬಾನೆಟ್ ಅಲ್ಯೂಮಿನಿಯಂನದ್ದು. (ನಾವು ಕೂಗಿದ್ದೆವು, ಅದಕ್ಕೇ ಹೇಳ್ತಿದೀವಿ.) ಛಾವಣಿಯ ಕೊಳವೆಗೆ ಒಂದು ಲೋಟ ನೀರು ಹಾಕಿ. ಕೆಳಗೆ ಬಂದರೆ ಸರಿ.

ಪಾಠ 4: ಒಂದು ಬೋಲ್ಟಿನ ಕಥೆ

1990 ಮತ್ತು 1991ರ ಆರಂಭದ ಮಿಯಾಟಾಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ ಗಿಡ್ಡ. ಟೈಮಿಂಗ್ ಬೆಲ್ಟ್ ಓಡಿಸುವ ಹಲ್ಲುಚಕ್ರವನ್ನು ಈ ಮೂತಿಗೆ ಒಂದು ಬೋಲ್ಟ್ ಬಿಗಿಯಾಗಿ ಒತ್ತಿ ಹಿಡಿದಿರಬೇಕು. ಟಾರ್ಕ್ ದಾಟಿಸುವ ಕೆಲಸ ಆ ಒತ್ತಡದಿಂದ ಬರುವ ಘರ್ಷಣೆಯದ್ದು. ಪಕ್ಕದಲ್ಲಿರುವ ಚಿಕ್ಕ ಕೀ ಇರುವುದು ಸರಿಯಾದ ಕೋನದಲ್ಲಿ ಕೂರಿಸಲು ಮಾತ್ರ. ಬೆಲ್ಟ್ ಬದಲಿಸುವಾಗ ಯಾರಾದರೂ ಬೋಲ್ಟನ್ನು ಸಡಿಲ ಬಿಟ್ಟರೆ ಘರ್ಷಣೆ ಸಾಲದು, ಭಾರ ಕೀ ಮೇಲೆ ಬೀಳುತ್ತದೆ. ಕೀ ಕೂತ ಗಾಡಿ ಸವೆದು ಅಗಲವಾಗುತ್ತದೆ, ಟೈಮಿಂಗ್ ತಪ್ಪುತ್ತದೆ, ಕೊನೆಗೆ ಕ್ರ್ಯಾಂಕ್‌ಶಾಫ್ಟೇ ಹಾಳು. ನಂತರದ ಕಾರುಗಳಲ್ಲಿ ಉದ್ದ ಮೂತಿ ಕೊಟ್ಟರು.

ಗುರುತಿಸುವುದು ಹೇಗೆ? ಮುಂದಿನ ಪುಲ್ಲಿಯಲ್ಲಿ 4 ಸೀಳು ಇದ್ದರೆ ಗಿಡ್ಡ ಮೂತಿ, 8 ಇದ್ದರೆ ಉದ್ದ. ಗಿಡ್ಡ ಅಂದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ, ಹಾಗೇ ಓಡುತ್ತಿರುವವು ಬೇಕಾದಷ್ಟಿವೆ. ಎಂಜಿನ್ ಚಾಲೂ ಇದ್ದಾಗ ಪುಲ್ಲಿಯ ವಿಡಿಯೋ ಕೇಳಿ. ಓಲಾಡಿದರೆ ದೂರ ಸರಿಯಿರಿ. ಟೈಮಿಂಗ್ ಬೆಲ್ಟಿನ ಅವಧಿ 60,000 ಮೈಲಿ, ಅಂದರೆ ಸುಮಾರು 96,000 ಕಿ.ಮೀ. ಬದಲಿಸಿದ ರಸೀದಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ.

ಪಾಠ 5: ಕಣ್ಣಿಗೆ ಬದಲು ಗೇಜ್

ದೂರದಿಂದ ಕೊಳ್ಳುವಾಗ ನಮ್ಮ ಕೈಕಾಲು ಎಂದರೆ ಅಲ್ಲಿನ ಮೆಕ್ಯಾನಿಕ್. ಮಾರುವವನು ಹೇಳಿದ ಗ್ಯಾರೇಜ್ ಬೇಡ, ನೀವೇ ಹುಡುಕಿದ ಗ್ಯಾರೇಜಿಗೆ ಫೀಸ್ ಕೊಟ್ಟು ಲಿಫ್ಟ್ ಮೇಲೆ ಏರಿಸಿ ನೋಡಿಸಿ. ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕು ಸಿಲಿಂಡರಿನ ಅಂಕಿಗಳು ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಮಾತ್ರ ಕಡಿಮೆ ಬಂದರೆ ಅದಕ್ಕೆ ಸ್ವಲ್ಪ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗ್ ಮೇಲೆ ಅನುಮಾನ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್ ಮೇಲೆ. ಪರೀಕ್ಷೆಗೆ ಮುಂಚೆ ಎಂಜಿನ್ ತಣ್ಣಗಿರಲಿ ಎಂದು ಹೇಳಿ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತಣ್ಣನೆ ಸ್ಟಾರ್ಟಿನ ಹೊಗೆ, ಸದ್ದುಗಳನ್ನು ಮುಚ್ಚಿಡುತ್ತದೆ.

ಹಣದ ವಿಷಯ: ಪರೀಕ್ಷೆಗೆ ಮುಂಚೆ ಅಡ್ವಾನ್ಸ್ ಇಲ್ಲ. ಮಾಲೀಕತ್ವದ ಪತ್ರದಲ್ಲಿರುವ ಹೆಸರು, ಮಾರುವವನ ಗುರುತಿನ ಚೀಟಿಯ ಹೆಸರು, ಕಾರಿನ ಮೇಲಿನ ವಿನ್ ಈ ಮೂರೂ ತಾಳೆಯಾಗಬೇಕು. ಅವಸರ ಮಾಡುವವನಿಗೆ ನಿಮ್ಮ ಅವಸರವೇ ಲಾಭ.

ಕೊನೆಗೆ ಏನಾಯಿತು?

ನಾವು ಹತ್ತು ಫೋಟೋಗಳ ಪಟ್ಟಿ ಮಾಡಿ ಅಣ್ಣನಿಗೆ ಕೊಟ್ಟೆವು. ಮಾರುವವನು ಎಂಟು ಕಳಿಸಿದ. ಬಾರದ ಎರಡು ಯಾವುವು ಗೊತ್ತಾ? ಸಿಲ್ ಮತ್ತು ಪುಲ್ಲಿ. ಅಣ್ಣ ಆದರೂ ಮನಸ್ಸು ತಡೆಯದೆ ಮೆಕ್ಯಾನಿಕ್‌ಗೆ ಫೀಸ್ ಕಟ್ಟಿ ನೋಡಿಸಿದರು. ಎರಡೂ ಸಿಲ್‌ನಲ್ಲಿ ಪುಟ್ಟಿ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಯಿತಂತೆ. ಫೀಸ್ ಹೋಯಿತು, ಕೂಡಿಟ್ಟ ದುಡ್ಡು ಉಳಿಯಿತು. ಒಂದು ವಾರ ನಮ್ಮ ಜೊತೆ ಅವರು ಸರಿಯಾಗಿ ಮಾತಾಡಲಿಲ್ಲ. ಕನಸು ಒಡೆದವರ ಮೇಲೆ ಸಿಟ್ಟು ಬರೋದು ಸಹಜ ತಾನೆ.

ನಾಲ್ಕು ತಿಂಗಳ ನಂತರ ಅರಿಜೋನಾದ 1992ರ ಕಾರೊಂದನ್ನು ಕೊಂಡರು. ಬಾನೆಟ್ ಮೇಲೆ ಬಣ್ಣ ಮಾಸಿದೆ, ಛಾವಣಿಯ ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಂಜಾಗಿದೆ. ಫೋಟೋದಲ್ಲಿ ನೋಡಿದರೆ ಯಾರೂ ಲೈಕ್ ಒತ್ತಲ್ಲ. ಆದರೆ ಸಿಲ್ ಗಟ್ಟಿ, ಪುಲ್ಲಿಯಲ್ಲಿ 8 ಸೀಳು, ಜೊತೆಗೆ ಹಳೆಯ ಮಾಲೀಕರು ಜೋಡಿಸಿಟ್ಟ ರಸೀದಿಗಳ ಫೈಲು. ಎರಡನೇ ತಿಂಗಳಿಗೆ ಕ್ಲಚ್‌ನ ಸ್ಲೇವ್ ಸಿಲಿಂಡರ್ ಸೋರಿತು. ಈ ಕಾರಿನಲ್ಲಿ ಅದು ಮಾಮೂಲಿ ರೋಗ. ಅಣ್ಣ ತಾವೇ ಬದಲಿಸಿ, ಕೈಯೆಲ್ಲ ಮಸಿ ಮಾಡಿಕೊಂಡ ಫೋಟೋ ಕಳಿಸಿದರು. ನಾವು ಲೈಕ್ ಒತ್ತಿದೆವು.

ನಮಗೇನು ಉಪಯೋಗ?

ಈ ಕಾರನ್ನು ಇಲ್ಲಿಗೆ ತರಿಸಬಹುದಾ ಅಂತ ಕೇಳುವವರಿಗೆ: ಆಗಲ್ಲ. ಮಾಮೂಲಿ ನಿಯಮದಲ್ಲಿ ಭಾರತಕ್ಕೆ ತರುವ ಬಳಸಿದ ಕಾರು ತಯಾರಾಗಿ 3 ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ನಮ್ಮ ಕಾನೂನಿನಲ್ಲಿ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ದಾಟಿರಬೇಕು.

ಆದರೆ ನಮ್ಮಲ್ಲೇ ಎಷ್ಟೋ ಜನ ಆನ್‌ಲೈನಿನಲ್ಲಿ ಹಳೆ ಆರ್‌ಎಕ್ಸ್ 100, ಮೈಸೂರಿನಲ್ಲಿ ತಯಾರಾದ ಯೆಜ್ಡಿ ಹುಡುಕುತ್ತಾ ರಾತ್ರಿ ಕಳೀತಿದ್ದೀವಿ. ಪಾಠ ಅದೇ. ಚಾಸಿ ನಂಬರ್ ಆರ್‌ಸಿಗೆ ತಾಳೆ ನೋಡಿ, ಎಂ-ಪರಿವಾಹನ್ ಆ್ಯಪಿನಲ್ಲಿ ವಿವರ ನೋಡಿ, ಸಾಲ ಬಾಕಿ ಇದೆಯೇ ನೋಡಿ, ಫಾರಂ 29 ಮತ್ತು 30 ಸಹಿಯಾಗದೆ ಪೂರ್ತಿ ದುಡ್ಡು ಕೊಡಬೇಡಿ. ತಣ್ಣಗಿರುವ ಎಂಜಿನ್ ಅನ್ನು ನೀವೇ ಕಿಕ್ ಹೊಡೆಯಿರಿ. ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇರಲಿ. ಅಪ್ಪ-ಅಮ್ಮ ಕಳಿಸಿದ ದುಡ್ಡು ಕೈಬಿಡುವ ಮುಂಚೆ ಎರಡು ದಿನ ತಡೆಯಿರಿ. ಆ ಎರಡು ದಿನದಲ್ಲಿ ನಮ್ಮ ರೂಮಿಗೂ ಒಮ್ಮೆ ಬನ್ನಿ, ಜಾಹೀರಾತನ್ನು ಜೊತೆಗೆ ಕೂತು ಓದೋಣ.